ಒತ್ತೆಯ ಚಾಪೆ

ದೀಪ ಹಚ್ಚುವ ಹೊತ್ತಿಗೆ ಆ ಊರಿನ ಪ್ರತಿ ಮನೆಯಿಂದಲೂ ಒಬ್ಬರು ಕಂಕುಳಲ್ಲಿ ಚಾಪೆ ಇರುಕಿಕೊಂಡು ಹೊರಗೆ ಬರುತ್ತಿದ್ದರು. ಹೊಸ್ತಿಲು ದಾಟಿ, ಬೀದಿ ದಾಟಿ, ಇನ್ನೊಂದು ಮನೆಯ ಹೊಸ್ತಿಲಲ್ಲಿ ನಿಂತು ‘ಬಂದೆ’ ಎನ್ನುತ್ತಿದ್ದರು. ಒಳಗಿನವರು ‘ಬಾ’ ಎನ್ನುತ್ತಿದ್ದರು. ಬಾಗಿಲು ಮುಚ್ಚುತ್ತಿತ್ತು. ಬೆಳಗಾದ ಮೇಲೆ ಬಂದವರು ಚಾಪೆ ಸುತ್ತಿಕೊಂಡು ‘ಹೋದೆ’ ಎನ್ನುತ್ತಿದ್ದರು. ಒಳಗಿನವರು ‘ಹೋಗು’ ಎನ್ನುತ್ತಿದ್ದರು. ಮಳೆಯಿರಲಿ, ಮದುವೆಯಿರಲಿ, ಮನೆಯಲ್ಲಿ ಹೆಣವೇ ಬಿದ್ದಿರಲಿ, ಈ ನಾಲ್ಕು ಮಾತು ತಪ್ಪುವಂತಿರಲಿಲ್ಲ.

ಹೀಗೆ ಹೋಗುವವರಿಗೆ ಒತ್ತೆ ಎಂದು ಹೆಸರು. ಅವರು ಹೋಗುತ್ತಿದ್ದದ್ದು ನೆಂಟರ ಮನೆಗಲ್ಲ, ಹಗೆಯ ಮನೆಗೆ.

ಮೊದಲು ಆ ಊರು ಹಾಗಿರಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಮೊದಲು ಅದನ್ನು ಊರು ಎನ್ನುವ ಹಾಗೂ ಇರಲಿಲ್ಲ. ಇವರ ಬಣವೆಗೆ ಅವರು ಬೆಂಕಿ ಇಡುವುದು, ಅವರ ಕೊಟ್ಟಿಗೆಯ ದನವನ್ನು ಇವರು ಹೊಡೆದುಕೊಂಡು ಹೋಗುವುದು, ಗೇಣುದ್ದದ ಬದುವಿಗೆ ಕುಡುಗೋಲು ಎತ್ತುವುದು, ಇದೇ ಕೆಲಸ. ಸರ್ಕಾರ ಕಾವಲುಗಾರರನ್ನು ಕಳಿಸಿ ನೋಡಿತು. ಬೇಲಿಯೇ ಎದ್ದು ಹೊಲ ಮೇಯಿತು. ಬೀದಿಬೀದಿಗೆ ದೀಪ ನೆಟ್ಟು ನೋಡಿತು. ಕಳ್ಳರಿಗೆ ಕಣ್ಣು ಚೆನ್ನಾಗಿ ಕಂಡಿತು, ಅಷ್ಟೆ. ಕೊನೆಗೊಂದು ದಿನ ತಮಟೆಯವನು ಬಂದು ಊರ ನಡುವೆ ನಿಂತು ಸಾರಿದ:

“ಕೇಳ್ರಪ್ಪೋ ಕೇಳಿ! ಯಾವ ಮನೆ ಮೇಲೆ ನಿಮಗೆ ಹಗೆಯೋ, ಆ ಮನೆಗೆ ದಿನಾ ಮುಚ್ಚಂಜೆಗೆ ನಿಮ್ಮ ಪ್ರಾಣಕ್ಕೆ ಪ್ರಾಣವಾದವರನ್ನ ಕಳಿಸಬೇಕು. ಅವರೂ ತಮ್ಮವರನ್ನ ನಿಮ್ಮ ಮನೆಗೆ ಕಳಿಸ್ತಾರೆ. ನೀವು ಅವರಿಗೆ ಕೇಡು ಮಾಡಿದರೆ ನಿಮ್ಮವರು ತಿರುಗಿ ಬರೋದಿಲ್ಲ. ಸರ್ಕಾರದ ಅಪ್ಪಣೆ ಇದು, ಕೇಳ್ರಪ್ಪೋ ಕೇಳಿ!”

ಕಲ್ಲುಕುಟಿಗನೊಬ್ಬ ಇದನ್ನು ನಂಬಲಿಲ್ಲ. ಸುಣ್ಣ ಸುಡುವವನ ತಲೆಗೆ ಕಲ್ಲು ಬೀಸಿದ. ಮರುದಿನ ಬೆಳಗ್ಗೆ ಸುಣ್ಣದವನ ಬಾಗಿಲು ತೆರೆಯಿತು. ಒತ್ತೆ ಹೋಗಿದ್ದ ಕಲ್ಲುಕುಟಿಗನ ತಮ್ಮ ಹೊರಗೆ ಬರಲಿಲ್ಲ. ಅವನ ಚಾಪೆಯನ್ನು ಮಾತ್ರ ಯಾರೋ ನೀಟಾಗಿ ಸುತ್ತಿ ಹೊಸ್ತಿಲಾಚೆ ಇಟ್ಟಿದ್ದರು. ಹುಡುಗ ಎಲ್ಲಿ ಹೋದ, ಏನಾದ ಎಂದು ಕೇಳುವ ಎದೆ ಊರಲ್ಲಿ ಯಾರಿಗೂ ಇರಲಿಲ್ಲ. ಕಲ್ಲುಕುಟಿಗ ಮಾತ್ರ ಅಂದಿನಿಂದ ಜಗಲಿಯ ಮೇಲೆ ಕೂತು ಆ ಚಾಪೆಯನ್ನು ಬಿಚ್ಚುವುದು, ನೋಡುವುದು, ಸುತ್ತುವುದು, ಮತ್ತೆ ಬಿಚ್ಚುವುದು. ಅವನನ್ನು ನೋಡಿದ ಯಾರೂ ಮತ್ತೆ ಕಲ್ಲು ಎತ್ತಲಿಲ್ಲ.

ಬಣವೆಗಳು ಉಳಿದವು, ದನಗಳು ಕೊಟ್ಟಿಗೆಯಲ್ಲೇ ಉಳಿದವು. ಕುಡುಗೋಲು ಹುಲ್ಲು ಕೊಯ್ಯಲು ಮಾತ್ರ ಎಂಬುದು ಜನಕ್ಕೆ ನೆನಪಾಯಿತು. ಇಷ್ಟಾದರೂ ಸರ್ಕಾರಕ್ಕೊಂದು ಅನುಮಾನ ಇದ್ದೇ ಇತ್ತು. ಪ್ರಾಣಕ್ಕೆ ಪ್ರಾಣವಾದವರು ಯಾರೆಂದು ಮನೆಯವರ ಬಾಯಿಮಾತಿನ ಮೇಲೆ ನಂಬುವುದು ಹೇಗೆ? ಅದಕ್ಕಾಗಿ ಅಳತೆಯ ಅಮಲ್ದಾರರನ್ನು ಕಳಿಸಿತು.

ಅಮಲ್ದಾರರು ಬರೆಯುತ್ತಿರಲಿಲ್ಲ, ಹೆಚ್ಚು ಕೇಳುತ್ತಲೂ ಇರಲಿಲ್ಲ. ಊಟದ ಹೊತ್ತಿಗೆ ಮನೆಗೆ ಬಂದು ಕಂಬಕ್ಕೊರಗಿ ಕೂರುತ್ತಿದ್ದರು. ಮೊದಲು ಯಾರ ತಟ್ಟೆಗೆ ಬಡಿಸುತ್ತಾರೆ, ಯಾರು ಕೆಮ್ಮಿದರೆ ಯಾರು ತಿರುಗಿ ನೋಡುತ್ತಾರೆ, ಬಾಗಿಲಲ್ಲಿ ಸದ್ದಾದರೆ ಯಾರ ಕೈ ಯಾರ ಕಡೆ ಹೋಗುತ್ತದೆ ಎಂದು ಸುಮ್ಮನೆ ನೋಡುತ್ತಿದ್ದರು. ಆಮೇಲೆ ಎದ್ದು, ಬೆರಳು ತೋರಿಸಿ, ‘ಇವರು’ ಎನ್ನುತ್ತಿದ್ದರು. ಆ ಬೆರಳು ಯಾರ ಕಡೆ ಹೋಯಿತೋ ಅವರು ಅಂದಿನ ಸಂಜೆಯಿಂದ ಚಾಪೆ ಎತ್ತಬೇಕು.

ಚಾಪೆ ಕೆಳಗೆ ತೂರುವವರಿದ್ದರೆ ರಂಗೋಲಿ ಕೆಳಗೆ ತೂರುವವರೂ ಇರುತ್ತಾರೆ. ಊರಿನ ಹೆಂಗಸರು ಅಡುಗೆಮನೆಯಲ್ಲಿ ಒಬ್ಬೊಬ್ಬರೇ ಕೂತು ಯೋಚಿಸಿದರು. ಒಬ್ಬೊಬ್ಬರೂ ಒಂದೇ ಉಪಾಯಕ್ಕೆ ಬಂದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಅತ್ತೆಯಂದಿರ ಕಾಲ ತಿರುಗಿ ಬಂತು. ಮೊದಲ ತುತ್ತು ಅತ್ತೆಗೆ, ಬೆಣ್ಣೆ ಅತ್ತೆಗೆ, ಮೆತ್ತನೆಯ ಹಾಸಿಗೆ ಅತ್ತೆಗೆ. ಅತ್ತೆ ಸೀನಿದರೆ ಸೊಸೆ ಎದೆ ಹಿಡಿದುಕೊಳ್ಳುವಳು. ಮಕ್ಕಳಿಗೋ, ಬೈಗುಳ, ಗುದ್ದು, ತಂಗಳು. ಅಮಲ್ದಾರರ ಬೆರಳು ಮನೆಮನೆಯಲ್ಲೂ ಮುದುಕಿಯ ಕಡೆ ಹೋಯಿತು. ಸರ್ಕಾರವನ್ನು ಏಮಾರಿಸಿದವಳು ತಾನೊಬ್ಬಳೇ ಎಂದು ಪ್ರತಿ ಸೊಸೆಯೂ ನಂಬಿದಳು, ಮತ್ತು ಆ ನಂಬಿಕೆಯಲ್ಲೇ ನಡುಗಿದಳು.

ನಾನು ಹೇಳಹೊರಟ ಸೊಸೆ ಬಾವಿ ತೋಡುವವನ ಹೆಂಡತಿ.

ಅವಳ ಭಯ ಉಳಿದವರಿಗಿಂತ ಒಂದು ಕೈ ಹೆಚ್ಚು. ಅದಕ್ಕೆ ಕಾರಣವೂ ಇತ್ತು. ಅವಳ ಗಂಡನಿಗೆ ಮಾತಿಗಿಂತ ಮೊದಲು ಕೈ ಏಳುತ್ತಿತ್ತು. ಎದುರು ಮನೆಯ ಗಾಣದವನದೂ ಅದೇ ಜಾತಕ. ಇವನು ತೋಡಿದ ಬಾವಿಗೆ ತನ್ನ ಹಿತ್ತಿಲ ಬಾವಿಯ ನೀರು ಇಳಿದುಹೋಯಿತು ಎಂದು ಗಾಣದವನು, ನೆಲದೊಳಗಿನ ನೀರಿಗೆ ನಿನ್ನ ಹೆಸರು ಬರೆದಿತ್ತೇನೋ ಎಂದು ಇವನು. ಯಾವತ್ತಾದರೂ ಒಂದು ದಿನ ಗಂಡನ ಕೈಯ ಗುದ್ದಲಿ ಏಳುತ್ತದೆ, ಮರುದಿನ ಹೊಸ್ತಿಲಾಚೆ ಚಾಪೆಯೊಂದೇ ಇರುತ್ತದೆ. ಸೊಸೆ ಇದನ್ನು ಹಗಲೆಲ್ಲ ಕಣ್ಣೆದುರು ಕಾಣುತ್ತಿದ್ದಳು. ಅವಳಿಗಿದ್ದದ್ದು ಒಬ್ಬಳೇ ಮಗಳು.

ಅದಕ್ಕಾಗಿ ಮಗಳು ಅಂಬೆಗಾಲಿಡುವಾಗಲೇ ಅವಳು ತನ್ನ ಕೈಗೆ ಬುದ್ಧಿ ಕಲಿಸಿದಳು. ಕೂಸು ಬಿದ್ದರೆ ಎತ್ತಬಾರದು. ಅತ್ತರೆ ತಿರುಗಬಾರದು. ನಕ್ಕರಂತೂ ನೋಡಲೇಬಾರದು, ಯಾಕೆಂದರೆ ನೋಡಿದರೆ ತನಗೂ ನಗು ಬರುತ್ತದೆ. ಗೋಡೆಗೂ ಕಿವಿ ಎಂದು ಮನೆಯೊಳಗೂ ಇದೇ ಕಟ್ಟುನಿಟ್ಟು. ಮೊದಮೊದಲು ಕಣಜದ ಹಿಂದೆ, ಕತ್ತಲಲ್ಲಿ, ಕೂಸಿನ ನೆತ್ತಿಗೆ ಒಂದಿಷ್ಟು ಎಣ್ಣೆ ಹಚ್ಚುತ್ತಿದ್ದಳು. ಒಂದು ದಿನ ಕೂಸು ಹೊರಗೆ ಬಂದು ‘ಅವ್ವ ಎಣ್ಣೆ’ ಎಂದು ತಲೆ ಮುಟ್ಟಿ ತೋರಿಸಿತು. ಆಮೇಲೆ ಅದನ್ನೂ ಬಿಟ್ಟಳು.

ಮಗಳಿಗೆ ಹಲ್ಲು ಬೀಳುವ ವಯಸ್ಸಾಯಿತು. ಮೊದಲ ಹಲ್ಲು ಬಿದ್ದ ದಿನ ಕೂಸು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಬೀದಿಗೆ ಓಡಿಬಂತು. ಸೊಸೆ ಅತ್ತೆಯನ್ನು ಜಗಲಿಯ ಮೇಲೆ ಕೂರಿಸಿ ತಲೆ ಬಾಚುತ್ತಿದ್ದಳು. ಎದುರು ಬಾಗಿಲಲ್ಲಿ ಗಾಣದವನ ಹೆಂಡತಿ ನಿಂತಿದ್ದಳು.

“ಅವ್ವಾ, ನೋಡಿಲ್ಲಿ!”

“ಹೋಗೇ ಅತ್ಲಾಗೆ! ಹಲ್ಲಂತೆ ಹಲ್ಲು. ಇನ್ನೊಂದಷ್ಟು ಉದುರ್ಲಿ, ತಿನ್ನೋದಾದ್ರೂ ಕಡ್ಮೆಯಾಯ್ತದೆ,” ಎಂದಳು ಸೊಸೆ. ಹಾಗೆ ಅಂದವಳೇ ಅತ್ತೆಯ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು.

ಕೂಸು ಅಂಗೈ ಮುಚ್ಚಿಕೊಂಡಿತು. ಅಳಲಿಲ್ಲ. ಅಳದೆ ಇರುವುದನ್ನು ಅದು ಕಲಿತಾಗಿತ್ತು. ಅಂದು ಹಿತ್ತಿಲಲ್ಲಿ ಅದು ಅಜ್ಜಿಯನ್ನು ಕೇಳುತ್ತಿದ್ದದ್ದು ಒಲೆಯ ಮುಂದಿದ್ದ ಸೊಸೆಯ ಕಿವಿಗೆ ಬಿತ್ತು:

“ಅಜ್ಜೀ, ಅವ್ವಂಗೆ ನಾನು ಎಲ್ಲಿ ಸಿಕ್ದೆ?”

ಕೈಯಲ್ಲಿದ್ದ ಊದುಗೊಳವೆ ಜಾರಿ ಒಲೆಯೊಳಗೆ ಬಿತ್ತು. ಓಡಿಹೋಗಿ ತಬ್ಬಿಕೊಳ್ಳಬೇಕೆಂದು ಅವಳಿಗೆ ಮೈಯೆಲ್ಲ ಅನ್ನಿಸಿತು. ಹೋಗಲಿಲ್ಲ. ನಿಜ ಹೇಳಿಬಿಡಬಹುದಿತ್ತಲ್ಲ ಎಂದರೆ, ಅಮಲ್ದಾರರು ಮಕ್ಕಳನ್ನು ಬೀದಿಯಲ್ಲಿ ತಡೆದು, ಬೆಲ್ಲ ಕೊಟ್ಟು, ‘ಪುಟ್ಟಾ, ನಿಮ್ಮವ್ವಂಗೆ ಯಾರನ್ನ ಕಂಡ್ರೆ ಪ್ರೀತಿ?’ ಎಂದು ಕೇಳುತ್ತಿದ್ದರು. ಮಕ್ಕಳಿಗೆ ಸುಳ್ಳು ಕಲಿಸಿದರೆ ಕಣ್ಣು ಹೇಳಿಬಿಡುತ್ತದೆ. ಅವಳ ಮಗಳು ಕಣ್ಣಲ್ಲಿ ಕಣ್ಣಿಟ್ಟು ‘ಅಜ್ಜೀನ’ ಎಂದಿದ್ದಳು. ಅದರಲ್ಲಿ ಸುಳ್ಳಿರಲಿಲ್ಲ. ಅಮಲ್ದಾರರು ತಲೆದೂಗಿ ಮುಂದೆ ಹೋಗಿದ್ದರು. ಸೊಸೆ ದೇವರಿಗೆ ಕೈಮುಗಿದಿದ್ದಳು, ಆಮೇಲೆ ಕೊಟ್ಟಿಗೆಗೆ ಹೋಗಿ ಹಸುವಿನ ಕೊರಳಿಗೆ ತಲೆಯಾನಿಸಿ ಅತ್ತಿದ್ದಳು.

ಅತ್ತೆಗೆ ಎಲ್ಲ ಗೊತ್ತಿತ್ತು. ಅವಳೇನು ನಿನ್ನೆ ಮೊನ್ನೆ ಕಣ್ಣು ಬಿಟ್ಟವಳಲ್ಲ.

“ನಾಟಕದ ಬೆಣ್ಣೆಯಾದ್ರೂ ಬೆಣ್ಣೆಯೇ ಕಣೇ, ಬಡಿಸು,” ಎನ್ನುತ್ತಿದ್ದಳು. ಸಂಜೆಯಾದರೆ ತಾನೇ ಚಾಪೆ ಎತ್ತಿಕೊಂಡು ಹೊರಡುತ್ತಿದ್ದಳು. ಅದೇ ಹೊತ್ತಿಗೆ ಎದುರು ಮನೆಯಿಂದ ಗಾಣದವನ ತಾಯಿ ಚಾಪೆ ಹಿಡಿದು ಈ ಮನೆಗೆ ಬರುತ್ತಿದ್ದಳು. ಬೀದಿಯ ನಡುವೆ ಇಬ್ಬರೂ ಎದುರಾಗುತ್ತಿದ್ದರು. ಒತ್ತೆಗಳು ಮಾತಾಡುವ ಹಾಗಿಲ್ಲ. ಆದರೂ ನಶ್ಯದ ಡಬ್ಬಿಯೊಂದು ಒಂದು ಕೈಯಿಂದ ಇನ್ನೊಂದಕ್ಕೆ ದಾಟುತ್ತಿತ್ತು.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಆದರೆ ಒಂದು ಸಂಜೆ ಸೊಸೆ ಬಾಗಿಲಿಗೆ ನೀರು ಹಾಕಿ ತಲೆಯೆತ್ತಿದವಳು ಬೀದಿಯನ್ನು ನೋಡಿದಳು. ದಿನವೂ ನೋಡುತ್ತಿದ್ದ ಬೀದಿಯೇ. ಅಂದು ಕಂಡಿತು. ಆ ತುದಿಯಿಂದ ಈ ತುದಿಯವರೆಗೆ ಚಾಪೆ ಹಿಡಿದು ದಾಟುತ್ತಿದ್ದವರೆಲ್ಲ ಮುದುಕಿಯರು. ಬಾಗಿದ ಬೆನ್ನು, ಬೆಳ್ಳಗಿನ ತುರುಬು, ಊರುಗೋಲು. ಒಬ್ಬ ಮಗ ಇಲ್ಲ, ಒಬ್ಬಳು ಮಗಳಿಲ್ಲ, ಒಬ್ಬಳು ಹೊಸ ಹೆಂಡತಿ ಇಲ್ಲ.

ಅವಳು ನೀರಿನ ತಂಬಿಗೆಯನ್ನು ಕೆಳಗಿಟ್ಟು ಲೆಕ್ಕ ಹಾಕಿದಳು. ನನ್ನ ಒತ್ತೆ ಸುಳ್ಳಾದರೆ ಎಲ್ಲರ ಒತ್ತೆಯೂ ಸುಳ್ಳು. ಹಾಗಾದರೆ ಗಾಣದವನ ಕೈಯನ್ನು ಇಷ್ಟು ಕಾಲ ಹಿಡಿದಿಟ್ಟಿದ್ದದ್ದು ಏನು? ಏನೂ ಇಲ್ಲ. ಅವನು ಬೇಕೆಂದರೆ ನಾಳೆಯೇ ಬಂದು ಮನೆಗೆ ಬೆಂಕಿ ಇಡಬಹುದು. ನಿನ್ನೆಯೇ ಇಡಬಹುದಿತ್ತು.

ಬೆಳಗ್ಗೆ ಅತ್ತೆ ತಿರುಗಿ ಬಂದ ಕೂಡಲೇ ಸೊಸೆ ಅವಳನ್ನು ಒಳಕ್ಕೆಳೆದು ಪಿಸುಗುಟ್ಟಿದಳು: “ಅತ್ತೆಮ್ಮ, ಈ ಊರ್ನಲ್ಲಿ ಯಾರ ಕೈಯನ್ನೂ ಯಾರೂ ಹಿಡ್ಕಂಡಿಲ್ಲ!”

ಅತ್ತೆ ಚಾಪೆ ಮೂಲೆಗಿಟ್ಟಳು. “ಇಷ್ಟು ದಿನಕ್ಕೆ ಗೊತ್ತಾಯ್ತಾ? ನಂಗೆ ಯಾವತ್ತೋ ಗೊತ್ತಿತ್ತು. ಆ ಗಾಣದವ್ನು ನನ್ನ ಮಂಡಿನೋವಿಗೆ ದಿನಾ ಎಣ್ಣೆ ಬೆಚ್ಚಗೆ ಮಾಡಿ ಕೊಡ್ತಾನೆ. ಒತ್ತೆಗೆ ಹೆದ್ರಿ ಅಲ್ಲ. ಕೊಡ್ತಾ ಕೊಡ್ತಾ ಅಭ್ಯಾಸ ಆಗೋಗದೆ ಅವ್ನಿಗೆ. ನಿನ್ ಗಂಡ ಅವ್ರವ್ವಂಗೆ ನೀರು ಕಾಯಿಸ್ಕೊಡಲ್ವಾ, ಹಂಗೇಯ. ಸುಮ್ಕಿರು.”

ಆ ಮಾತನ್ನು ಸೊಸೆ ಅಂದು ಕೇಳಿಸಿಕೊಂಡಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆದರಿದವಳ ಕಿವಿ ಅರ್ಧ ಮಾತನ್ನಷ್ಟೇ ಒಳಗೆ ಬಿಡುತ್ತದೆ. ಅವಳು ಕೇಳಿಸಿಕೊಂಡದ್ದು ‘ಒತ್ತೆಗೆ ಹೆದರಿ ಅಲ್ಲ’ ಎಂಬುದನ್ನು ಮಾತ್ರ.

ಊರ ಬಾವಿಗೆ ನೀರಿಗೆ ಹೋದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಗಾಣದವನ ಹೆಂಡತಿ ಹಗ್ಗ ಸೇದುತ್ತಾ, “ಯಾಕಕ್ಕ, ಮೈ ಸರಿಯಿಲ್ವಾ?” ಎಂದಳು. ಅಷ್ಟು ಮೆತ್ತನೆಯ ಮಾತಿಗೆ ಸೊಸೆಯ ಗಂಟಲು ಬಿಚ್ಚಿಕೊಂಡಿತು.

“ಬರೀ ಮುದುಕೀರೇ ಹೋಯ್ತಾವ್ರಲ್ಲವ್ವ, ಚಾಪೆ ಹಿಡ್ಕಂಡು,” ಎಂದುಬಿಟ್ಟಳು.

ರಾಟೆ ನಿಂತಿತು. ಸುತ್ತಲಿದ್ದ ಕೊಡಗಳೆಲ್ಲ ಅಲ್ಲಲ್ಲೇ ನಿಂತವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಪ್ರತಿ ಹೆಂಗಸಿನ ಕೈಯೂ ಸೆರಗಿಗೆ ಹೋಯಿತು. ಯಾರೂ ಯಾರನ್ನೂ ನೋಡಲಿಲ್ಲ. ಅರ್ಧ ತುಂಬಿದ ಕೊಡಗಳನ್ನೇ ಎತ್ತಿಕೊಂಡು ಎಲ್ಲರೂ ಮನೆಗೆ ಓಡಿದರು.

ಅಂದಿನಿಂದ ಊರಿನ ನಿದ್ದೆ ಹೋಯಿತು. ಬೆಂಕಿ ಬಿದ್ದಿರಲಿಲ್ಲ, ಕಳವಾಗಿರಲಿಲ್ಲ. ಆದರೂ ಮನೆಮನೆಯಲ್ಲಿ ಕುಡುಗೋಲು ಮಸೆಯುವ ಸದ್ದು. ಗಾಣದವನು ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿಸಿದ. ಅದನ್ನು ನೋಡಿ ಬಾವಿಯವನು ಗುದ್ದಲಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡ. ಇವನ ಗುದ್ದಲಿಯ ಸುದ್ದಿ ಕೇಳಿ ಅವನು ಕಬ್ಬಿಣದ ಸಲಾಕೆ ಒಳಗೆ ತಂದ. ಅತ್ತೆಯ ಮಂಡಿಗೆ ಬೆಚ್ಚಗಿನ ಎಣ್ಣೆ ನಿಂತುಹೋಯಿತು. ತನ್ನ ಒಂದು ಮಾತಿಗೆ ಇಷ್ಟೆಲ್ಲ ಆಯಿತಲ್ಲ ಎಂದು ಸೊಸೆಗೆ ನಾಲಗೆ ಕಚ್ಚಿಕೊಳ್ಳುವ ಹಾಗಾಯಿತು. ಆಡಿದ ಮಾತು, ಒಡೆದ ಮುತ್ತು.

ಊರಿನ ಭಯ ಸರ್ಕಾರದ ಕಿವಿಗೆ ಬೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಮಟೆಯವನು ಮತ್ತೆ ಬಂದ.

“ಕೇಳ್ರಪ್ಪೋ ಕೇಳಿ! ಊರಲ್ಲಿ ಸುಳ್ಳು ಒತ್ತೆ ಇದೆ ಅಂತ ಸರ್ಕಾರಕ್ಕೆ ತಿಳಿದುಬಂದಿದೆ. ಅಳತೆ ಹೊಸದಾಗಿ ಆಗ್ತದೆ. ಅಮಲ್ದಾರರು ಯಾವತ್ತಾದ್ರೂ, ಯಾವ ಹೊತ್ತಲ್ಲಾದ್ರೂ ಬೆಂಕಿ ತಮಟೆ, ಅಂದ್ರೆ ಊರಿಗೆ ಬೆಂಕಿ ಬಿದ್ದಾಗ ಬಡಿಯೋ ತಮಟೆ, ಬಡಿಸ್ತಾರೆ. ಬಡಿದಾಗ ನೀವು ಯಾರ ಕೈ ಹಿಡಿದು ಹೊರಗೆ ಓಡಿಬರ್ತೀರೋ, ಅವರೇ ನಿಮ್ಮ ಒತ್ತೆ. ಕೇಳ್ರಪ್ಪೋ ಕೇಳಿ!”

ಸೊಸೆ ತನ್ನ ಕೈಯನ್ನೇ ನೋಡಿಕೊಂಡಳು. ಕಂಬಕ್ಕೊರಗಿ ಕೂತ ಅಮಲ್ದಾರರ ಮುಂದೆ ಕೈಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಬೆಂಕಿ ತಮಟೆ ಬಿದ್ದ ಗಳಿಗೆಯಲ್ಲಿ ಕೈ ಯಾರ ಮಾತು ಕೇಳುತ್ತದೆ?

ಅವಳು ಅಭ್ಯಾಸಕ್ಕೆ ಇಳಿದಳು. ಹಿತ್ತಾಳೆ ತಂಬಿಗೆಯನ್ನು ತಾನೇ ಮೆಲ್ಲಗೆ ತಳ್ಳಿ ಬೀಳಿಸುವಳು, ಅದು ಠಣ್ ಎಂದ ಕೂಡಲೇ ಹಾರಿ ಅತ್ತೆಯ ಮಣಿಕಟ್ಟು ಹಿಡಿಯುವಳು. ತಂಬಿಗೆ, ಅತ್ತೆ. ತಂಬಿಗೆ, ಅತ್ತೆ. ಮೊದಲ ದಿನ ತಂಬಿಗೆ ಬಿದ್ದಾಗ ಕೈ ಮಗಳ ಕಡೆಗೇ ಹೋಯಿತು. ಅವಳು ಆ ಕೈಯನ್ನು ಒಲೆಕಟ್ಟೆಗೆ ಬಡಿದುಕೊಂಡಳು. ತಂಬಿಗೆ, ಅತ್ತೆ. ತಂಬಿಗೆ ನೆಗ್ಗಿಹೋಯಿತು, ಅತ್ತೆಯ ಮಣಿಕಟ್ಟಿನಲ್ಲಿ ನೀಲಿ ಬರೆ ಎದ್ದಿತು. ಅತ್ತೆ ತುಟಿಪಿಟಿಕ್ಕೆನ್ನದೆ ಕೈಯೊಡ್ಡಿ ಕೂತಿರುತ್ತಿದ್ದಳು.

ಮಗಳಿಗೂ ಪಾಠವಾಯಿತು. “ತಮಟೆ ಬಡಿದ್ರೆ ನೀನು ಬೀಸೋ ಕಲ್ಲಿನ ಮೂಲೆಲಿ ಕೂತ್ಕಬೇಕು. ಕೈ ಬಾಯಿ ಮೇಲೆ ಇಟ್ಕಬೇಕು. ಏನೇ ಆಗ್ಲಿ, ಅವ್ವ ಅನ್ಕೂಡ್ದು. ತಿಳೀತಾ?”

“ತಿಳೀತು.”

“ಏನ್ ತಿಳೀತು?”

“ಅವ್ವ ಅನ್ಕೂಡ್ದು,” ಎಂದಿತು ಕೂಸು, ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡೇ.

ತಮಟೆ ಬಿದ್ದದ್ದು ನಡುಮಧ್ಯಾಹ್ನ. ಗಂಡಸರು ಕೆಲಸಕ್ಕೆ ಹೋಗಿದ್ದರು, ಮನೆಯಲ್ಲಿದ್ದವರು ಉಂಡು ಕೈತೊಳೆಯುವ ಹೊತ್ತು.

ಸೊಸೆಗೆ ತಾನು ಎದ್ದದ್ದು ಗೊತ್ತಾಗಲಿಲ್ಲ. ಬೀದಿಯ ನಡುವೆ ನಿಂತಾಗ ಅವಳ ಕೈಯಲ್ಲಿ ಅತ್ತೆಯ ಮಣಿಕಟ್ಟಿತ್ತು. ಕೈ ಪಾಠ ಕಲಿತಿತ್ತು! ಗೆದ್ದೆ ಎಂದುಕೊಂಡಳು. ಬೀದಿಯ ತುಂಬ ಸೊಸೆಯಂದಿರು, ಒಬ್ಬೊಬ್ಬರ ಕೈಯಲ್ಲೂ ಒಬ್ಬೊಬ್ಬಳು ಮುದುಕಿ. ಊರೆಲ್ಲ ತಂಬಿಗೆ ಬೀಳಿಸಿ ಕಲಿತಿತ್ತು. ಊರ ನಡುವಿನ ಕಟ್ಟೆಯ ಮೇಲೆ ಅಮಲ್ದಾರರು ನಿಂತು ನೋಡುತ್ತಿದ್ದರು.

ತಮಟೆ ನಿಲ್ಲಲಿಲ್ಲ.

ಯಾರಿಗೋ ಕೆಮ್ಮು ಬಂತು. ಆಗ ಸೊಸೆ ತಿರುಗಿ ನೋಡಿದಳು. ಅವಳ ಮನೆಯ ಹಿಂಬದಿಯಿಂದ ಹೊಗೆ ಏಳುತ್ತಿತ್ತು. ಗಾಣದವನ ಮನೆಯ ಹಿಂದೆಯೂ ಹೊಗೆ. ಸಾಲಿನ ಎಲ್ಲ ಮನೆಗಳ ಹಿಂದೆಯೂ. ಹೆಂಚಿನ ಸಂದಿಯಿಂದ, ಕಿಟಕಿಯಿಂದ, ತೆರೆದ ಬಾಗಿಲಿನಿಂದ ಕಪ್ಪು ಹೊಗೆ ನಿಧಾನವಾಗಿ ಹೊರಗೆ ಬರುತ್ತಿತ್ತು.

ಮನೆಗಳ ಒಳಗಿಂದ ಒಂದು ಸದ್ದೂ ಇಲ್ಲ. ಊರಿನ ಮಕ್ಕಳಷ್ಟೂ ಒಳಗಿದ್ದವು. ಒಂದಾದರೂ ‘ಅವ್ವಾ’ ಎನ್ನಲಿಲ್ಲ.

ಸೊಸೆಯ ಕಾಲು ನೆಲಕ್ಕೆ ಅಂಟಿಕೊಂಡಿತು. ಇದು ಅಳತೆಯೋ ನಿಜವಾದ ಬೆಂಕಿಯೋ? ಅಳತೆಯಾಗಿದ್ದು ಓಡಿದರೆ, ಇಷ್ಟು ವರ್ಷ ಮುಚ್ಚಿಟ್ಟ ಮಗಳನ್ನು ತಾನೇ ಕೈಯಾರೆ ಬೀದಿಗೆ ತಂದು ಒಪ್ಪಿಸಿದ ಹಾಗೆ. ಬೆಂಕಿಯಾಗಿದ್ದು ಓಡದಿದ್ದರೆ? ಅವಳು ಅಮಲ್ದಾರರ ಮುಖ ನೋಡಿದಳು. ಆ ಮುಖದಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿ ಗಾಣದವನ ಹೆಂಡತಿ ತನ್ನ ಅತ್ತೆಯ ಕೈ ಹಿಡಿದು ನಿಂತಿದ್ದಳು. ಅವಳ ಕಣ್ಣು ಸೊಸೆಯ ಕಾಲಿನ ಮೇಲಿತ್ತು. ಬೀದಿಯ ಪ್ರತಿಯೊಬ್ಬಳೂ ಇನ್ನೊಬ್ಬಳ ಕಾಲನ್ನು ನೋಡುತ್ತಿದ್ದಳು. ಮೊದಲು ಓಡಿದವಳ ಗುಟ್ಟು ಮೊದಲು ರಟ್ಟು.

“ಹೋಗೇ! ಕೂಸು ಒಳಗದೆ!” ಎಂದಳು ಅತ್ತೆ.

“ನೋಡ್ತಾವ್ರೆ ಅತ್ತೆಮ್ಮ.”

“ನೋಡ್ಲಿ, ಅವ್ರ ಕಣ್ಣಿಗಿಷ್ಟು ಮಣ್ಣು ಹಾಕ! ಬಿಡೇ ನನ್ ಕೈಯ!”

ಬಿಡಲು ಆಗಲಿಲ್ಲ. ಕೈ ಅಷ್ಟು ಚೆನ್ನಾಗಿ ಕಲಿತುಬಿಟ್ಟಿತ್ತು. ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಅತ್ತೆಯೇ ಬಾಗಿ, ಉಳಿದಿದ್ದ ನಾಲ್ಕು ಹಲ್ಲಿನಿಂದ ಸೊಸೆಯ ಕೈಯನ್ನು ಕಚ್ಚಿದಳು. ರಕ್ತ ಬಂತು. ಬೆರಳು ಬಿಟ್ಟುಕೊಂಡವು. ಸೊಸೆ ಓಡಿದಳು.

ಹಿಂದೆ ಬೀದಿಗೆ ಬೀದಿಯೇ ಓಡುವ ಸದ್ದಾಯಿತು.

ಒಳಗೆ ಏನೂ ಕಾಣುತ್ತಿರಲಿಲ್ಲ. ಗೋಡೆ ತಡವುತ್ತಾ ಬೀಸುವ ಕಲ್ಲಿನ ಮೂಲೆಗೆ ಹೋದಳು. ಕೂಸು ಅಲ್ಲೇ ಇತ್ತು. ಮೊಣಕಾಲು ಎದೆಗೆ ಒತ್ತಿಕೊಂಡು, ಎರಡೂ ಕೈಯನ್ನು ಬಾಯಿಯ ಮೇಲೆ ಬಿಗಿಯಾಗಿ ಮುಚ್ಚಿಕೊಂಡು ಕೂತಿತ್ತು. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಕೆಮ್ಮಿಗೆ ಮೈ ಎತ್ತೆತ್ತಿ ಬೀಳುತ್ತಿತ್ತು, ಕೈ ಮಾತ್ರ ಅಲ್ಲಾಡಿರಲಿಲ್ಲ. ಅವ್ವನನ್ನು ಕಂಡಾಗಲೂ ಅದು ಕೈ ತೆಗೆಯಲಿಲ್ಲ. ಇನ್ನಷ್ಟು ಮೂಲೆಗೆ ಸರಿಯಿತು. ಹೇಳಿದ ಮಾತು ತಪ್ಪಿದೆನೇನೋ, ಬೈಯಲು ಬಂದಳೇನೋ ಎಂದು ಅದಕ್ಕೆ ಭಯ.

ಸೊಸೆ ಅದನ್ನು ಬಾಚಿ ಎತ್ತಿಕೊಂಡಳು. ಅಂಬೆಗಾಲಿಟ್ಟಾಗ ಎತ್ತುವುದನ್ನು ಬಿಟ್ಟದ್ದು. ಈಗ ಎಷ್ಟು ಭಾರವಾಗಿತ್ತು! ಎದೆಗೊತ್ತಿಕೊಂಡು, ಮುಖ ಸೆರಗಿನಲ್ಲಿ ಮುಚ್ಚಿ, ಏನೇನೋ ಒದರುತ್ತಾ ಹೊರಗೆ ಬಂದಳು. ‘ನನ್ ಕಂದ, ನನ್ ಬಂಗಾರ, ನನ್ ಉಸಿರೇ,’ ಇಷ್ಟು ವರ್ಷ ನುಂಗಿದ್ದ ಮಾತೆಲ್ಲ ಕೆಮ್ಮಿನ ಜೊತೆ ಹೊರಗೆ ಬಂತು.

ತಮಟೆ ನಿಂತಿತ್ತು.

ಅಮಲ್ದಾರರ ಆಳುಗಳು ಮನೆಗಳ ಹಿಂದಿನಿಂದ ಮಣ್ಣಿನ ಬಾನಿಗಳನ್ನು ಹೊತ್ತು ಬರುತ್ತಿದ್ದರು. ಬಾನಿಗಳಲ್ಲಿ ಹಸಿ ಹುಲ್ಲು ಹೊಗೆಯಾಡುತ್ತಿತ್ತು. ಅಮಲ್ದಾರರು ಕಟ್ಟೆಯಿಂದ ಇಳಿದರು.

“ಗಾಬರಿಯಾಗಬೇಡಿ ತಾಯಿ,” ಎಂದರು. ದನಿ ಮೆತ್ತಗಿತ್ತು. “ಬೆಂಕಿ ಇಲ್ಲ, ಬರೀ ಹೊಗೆ. ಯಾರಿಗೂ ತೊಂದರೆ ಆಗಬಾರದು ಅಂತ ಹಸಿ ಹುಲ್ಲೇ ಹಾಕಿಸಿದ್ದೆ.”

ಅವರು ಬೀದಿಯುದ್ದಕ್ಕೂ ನಡೆದರು. ಪ್ರತಿ ತಾಯಿಯ ತೋಳಲ್ಲೂ ಒಂದೊಂದು ಮಗು. ಒಂದೊಂದಕ್ಕೂ ಬೆರಳು ತೋರಿಸಿ ‘ಇವರು’ ಎಂದರು. ಸೊಸೆಯ ಮುಂದೆ ಬಂದು, ಸೆರಗನ್ನು ಸರಿಸಿ ಕೂಸಿನ ಮುಖ ನೋಡಿ, ‘ಇವರು’ ಎಂದರು.

“ಬುದ್ಧೀ, ನಾನ್ ಹೋಯ್ತೀನಿ,” ಅತ್ತೆ ಅಡ್ಡ ಬಂದಳು. “ನಂಗೆ ಅಭ್ಯಾಸ ಆಗದೆ. ಕೂಸ್ನ ಬಿಟ್ಬಿಡಿ. ನಿಮ್ ಕಾಲಿಗೆ ಬೀಳ್ತೀನಿ.”

“ನೀವು ಇನ್ನು ಮನೇಲಿ ವಿಶ್ರಾಂತಿ ತಗೊಳ್ಳಿ ಅಜ್ಜಿ,” ಎಂದರು ಅಮಲ್ದಾರರು. “ಇವತ್ತಿಂದ ಊರು ನಿಜವಾಗಿ ಕ್ಷೇಮ.”

ಅವರು ಹೇಳಿದ್ದು ಸುಳ್ಳಲ್ಲ. ಕೆಲಸದಿಂದ ಓಡಿಬಂದ ಬಾವಿಯವನು ಒಳಗೆ ಹೋಗಿ ತಲೆದಿಂಬಿನ ಪಕ್ಕದ ಗುದ್ದಲಿಯನ್ನು ತಂದು, ಕಾವು ಮುರಿದು, ಬಾವಿಗೆ ಎಸೆದ. ಎದುರು ಮನೆಯಲ್ಲಿ ಗಾಣದವನು ಸಲಾಕೆಯನ್ನು ಹಿತ್ತಿಲಲ್ಲಿ ಹೂತ. ಆ ಊರಿನಲ್ಲಿ ಇನ್ನು ಯಾರ ಕೈಯೂ ಏಳುವ ಹಾಗಿರಲಿಲ್ಲ. ಊಟಕ್ಕೆ ಕೂತಾಗಲೂ, ಮೈ ತುರಿಸಿದಾಗಲೂ, ಕೈ ಎತ್ತುವ ಮೊದಲು ಜನ ಎದುರು ಮನೆಯನ್ನು ನೋಡುತ್ತಿದ್ದರು.

ದೀಪ ಹಚ್ಚುವ ಹೊತ್ತಾಯಿತು. ಬಾಗಿಲುಗಳು ತೆರೆದವು. ಚಾಪೆಗಳು ಮಕ್ಕಳಿಗಿಂತ ಉದ್ದವಾಗಿದ್ದವು, ನೆಲಕ್ಕೆ ಉಜ್ಜುತ್ತಾ ಬಂದವು. ಎದುರಿನಿಂದ ಗಾಣದವನ ಮಗ ಗೊಳೋ ಎಂದು ಅಳುತ್ತಾ ಬರುತ್ತಿದ್ದ. ಬೀದಿಯೆಲ್ಲ ಅಳು. ಹಿಂದೆ ಹೊಸ್ತಿಲುಗಳಲ್ಲಿ ತಾಯಂದಿರು ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದರು.

ಸೊಸೆ ಕಂಬ ಹಿಡಿದು ನಿಂತಿದ್ದಳು. ಕೈಯ ಮೇಲೆ ಅತ್ತೆಯ ಹಲ್ಲಿನ ಗುರುತು ಉರಿಯುತ್ತಿತ್ತು. ಅವಳಿಗೆ ಕಾಣುತ್ತಿದ್ದದ್ದು ಎದುರಿನ ಬಾಗಿಲು ಮಾತ್ರ. ಅದು ಈಗ ಮುಚ್ಚುತ್ತದೆ. ಬೆಳಗ್ಗೆ ತೆರೆಯುತ್ತದೆಯೇ? ಗಂಡ ಕನಸಿನಲ್ಲಿ ಕೈ ಎತ್ತಿದರೂ ಸಾಕೇ? ಗಾಣದವನ ಎಮ್ಮೆ ತಾನಾಗಿಯೇ ಸತ್ತರೆ? ಅವನ ಹುಲ್ಲಿಗೆ ಸಿಡಿಲು ಬಡಿದರೆ? ಇಂಥ ಎಷ್ಟು ಸಂಜೆಗಳು ಉಳಿದಿವೆ?

ಅವಳ ಮಗಳು ಮಾತ್ರ ಅಳುತ್ತಿರಲಿಲ್ಲ.

ಕೂಸು ತಲೆಯೆತ್ತಿ ನಡೆಯುತ್ತಿತ್ತು. ಅಳುವ ಮಕ್ಕಳ ನಡುವೆ, ಮದುವೆ ಮನೆಯಲ್ಲಿ ಕಳಸ ಹಿಡಿದವಳ ಹಾಗೆ ಚಾಪೆ ಹಿಡಿದಿತ್ತು. ಮುಖ ಅರಳಿತ್ತು. ಎದುರು ಸಿಕ್ಕ ಗಾಣದವನ ಮಗನಿಗೆ ನಿಂತು ಹೇಳಿತು: “ನಮ್ಮವ್ವಂಗೆ ನನ್ನ ಕಂಡ್ರೇ ಪ್ರೀತಿ, ಗೊತ್ತಾ? ಅಜ್ಜೀನ ಅಲ್ಲ.” ಹೋಗಿ ಗಾಣದವನ ಹೊಸ್ತಿಲಲ್ಲಿ ನಿಂತು ‘ಬಂದೆ’ ಎಂದಿತು. ಒಳಗಿನಿಂದ ‘ಬಾ’ ಎಂಬ ದನಿ ನಡುಗುತ್ತಾ ಬಂತು.

ಒಳಗೆ ಕಾಲಿಡುವ ಮೊದಲು ಅದು ತಿರುಗಿತು. ಹಲ್ಲು ಬಿದ್ದ ದಿನದಿಂದ ಬೀದಿಯಲ್ಲಿ ಕೂಗದಿದ್ದ ಹೆಸರನ್ನು ಇಡೀ ಊರಿಗೆ ಕೇಳುವ ಹಾಗೆ ಕೂಗಿತು:

“ಅವ್ವಾ! ನಾಳೇನೂ ನನ್ನೇ ಕಳ್ಸು! ಅಜ್ಜೀನ ಕಳಿಸ್ಬೇಡ!”